ಅತ್ತೆ ಖಾಲಿ ಮಾಡಿಸಿದ ಊರು

ನಮ್ಮ ಅತ್ತೆ ಈ ಬೇಸಿಗೆಯಲ್ಲಿ ಒಂದು ಊರನ್ನು ಖಾಲಿ ಮಾಡಿಸಿದರು, ಒಬ್ಬ ದರೋಡೆಕೋರನ ಕಾಲಿನಿಂದ ಬೂಟು ಬಿಚ್ಚಿಸಿದರು, ಸೆರೆಯಲ್ಲಿದ್ದ ಒಬ್ಬಳು ಕೊಲೆಗಾತಿಯನ್ನು ಬಿಡಿಸಿದರು, ಎರಡು ಪಾಳೆಯಗಳ ಯುದ್ಧವನ್ನು ಒಂದೇ ಒಂದು ಮದುವೆಯಿಂದ ನಿಲ್ಲಿಸಿದರು. ಇಷ್ಟನ್ನೂ ಬಲಗಾಲನ್ನು ಎರಡು ದಿಂಬಿನ ಮೇಲೆ ಚಾಚಿಕೊಂಡು, ಬ್ರಹ್ಮಾವರದ ನನ್ನ ಮನೆಯ ಸೋಫಾ ಬಿಟ್ಟು ಏಳದೆಯೇ ಮಾಡಿದರು ಎಂದರೆ ನೀವು ನಂಬುತ್ತೀರಾ?

ಅತ್ತೆ ಅಂದರೆ ನನ್ನ ಅಪ್ಪನ ಅಕ್ಕ. ಊರು ನಾವುಂದ. ವಯಸ್ಸು ಅರವತ್ತೈದರ ಆಚೀಚೆ. ಸರಿಯಾಗಿ ಹೇಳಿ ಅಂದರೆ “ದೊಡ್ಡ ಮಳಿ ಬಂದ ವರ್ಷ ಹುಟ್ಟದ್ದ್” ಎನ್ನುತ್ತಾರೆ. ನಮ್ಮ ಕಡೆ ದೊಡ್ಡ ಮಳೆ ಬಾರದ ವರ್ಷ ಯಾವುದು, ನೀವೇ ಹೇಳಿ! ನಲವತ್ತು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರಿದವರು. ಅವರು ತ್ರಾಸಿಯಲ್ಲಿ ನಿಂತು “ಹ್ವಾಯ್, ಬಂಗ್ಡೆ ಇತ್ತ್!” ಎಂದು ಕೂಗಿದರೆ ಮರವಂತೆಯಲ್ಲಿ ಮಲಗಿದ್ದ ಬೆಕ್ಕು ಎದ್ದು ಮೈಮುರಿಯುತ್ತಿತ್ತು ಎಂದು ನಮ್ಮ ಅಪ್ಪ ಹೇಳುತ್ತಿದ್ದರು. ಅಪ್ಪನಿಗೆ ಉತ್ಪ್ರೇಕ್ಷೆ ಜಾಸ್ತಿ. ಬೆಕ್ಕು ಬರೇ ಕಣ್ಣು ಬಿಡುತ್ತಿತ್ತು.

ಅಷ್ಟು ವರ್ಷ ಅಷ್ಟು ಭಾರ ಹೊತ್ತ ಬಲ ಮೊಣಕಾಲು ಕಡೆಗೊಮ್ಮೆ ಮುಷ್ಕರ ಹೂಡಿತು. ಆಪರೇಶನ್ ಆಯಿತು. ನಾವುಂದದ ಅವರ ಮನೆಗೆ ರಸ್ತೆಯಿಂದ ಹತ್ತಿಪ್ಪತ್ತು ಮೆಟ್ಟಿಲು ಏರಬೇಕು. ಡಾಕ್ಟರು “ಎರಡು ತಿಂಗಳು ಮೆಟ್ಟಿಲು ಕಂಡರೂ ಕಣ್ಣು ಮುಚ್ಚಿಕೊಳ್ಳಿ” ಎಂದಿದ್ದರು. ಹಾಗಾಗಿ ನನ್ನ ಮನೆಗೆ ಬಂದರು. ನಾನು ಇಲ್ಲಿನ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ಆಗ ಬೇಸಿಗೆ ರಜೆ. ಗಂಡ ಹಡಗಿನ ಕೆಲಸದವರು, ವರ್ಷದಲ್ಲಿ ಆರು ತಿಂಗಳು ನೀರ ಮೇಲೆ. ಆ ಆರು ತಿಂಗಳು ಮನೆಯ ಟಿವಿಗೆ ನಾನೇ ಮಹಾರಾಣಿ.

ನಾಲ್ಕನೆಯ ದಿನಕ್ಕೆ ಮಹಾರಾಣಿಯ ಪಟ್ಟ ಹೋಯಿತು. ಅತ್ತೆ ಧಾರಾವಾಹಿ ನೋಡಲು ಶುರುಮಾಡಿದರು. ನೋಡುವುದೆಂದರೆ ಸುಮ್ಮನೆ ನೋಡುವುದೇ? ಪಾತ್ರಗಳಿಗೆ ಬುದ್ಧಿ ಹೇಳಬೇಡವೇ!

“ಹೆಣೆ, ಆ ಕಾಗ್ದ ತಲೆದಿಂಬಿನ ಅಡಿಗೆ ಇತ್ತ್ ಅಂತ ನಾನ್ ಆಗ್ಳಿಂದ ಬೊಬ್ಬೆ ಹಾಕ್ತಾ ಇದ್ದೆ. ಈ ಸೊಸಿಗೆ ಕೆಮಿ ಕೇಂತಿಲ್ಯಾ?”

“ಅತ್ತೆ, ಅವರಿಗೆ ನೀವು ಹೇಳಿದ್ದು ಕೇಳುವುದಿಲ್ಲ.”

“ಕೇಂತಿಲ್ಲೆ ಅಂದ್ರೆ ನಾನ್ ಎಂತಕ್ ಕಾಂಬುದ್?”

ನ್ಯಾಯವಾದ ಪ್ರಶ್ನೆ. ಯಾರೂ ನಮ್ಮ ಮಾತು ಕೇಳದ ಕತೆಯನ್ನು ಯಾಕೆ ನೋಡಬೇಕು? ಅವರು ರಿಮೋಟನ್ನು ಸೋಫಾದ ಮೇಲೆ ಎಸೆದು ಗೋಡೆ ನೋಡುತ್ತಾ ಕೂತರು. ಜೀವಮಾನವೆಲ್ಲ ದಿನಕ್ಕೆ ನೂರು ಮಂದಿಯ ಹತ್ತಿರ ಮಾತಾಡಿದ ಹೆಂಗಸು ಗೋಡೆ ನೋಡುವುದನ್ನು ನನ್ನಿಂದ ನೋಡಲಾಗಲಿಲ್ಲ. ಆಗ ನನ್ನ ಗುಟ್ಟನ್ನು ಹೊರಗೆ ತೆಗೆದೆ. ನಲವತ್ತು ಹತ್ತಿರ ಬಂದ, ಮಕ್ಕಳಿಗೆ ವ್ಯಾಕರಣ ಹೇಳಿಕೊಡುವ ಮೇಡಂ ಮನೆಯ ಬಾಗಿಲು ಹಾಕಿಕೊಂಡು ವಿಡಿಯೋ ಗೇಮ್ ಆಡುತ್ತಾಳೆ ಎಂದು ಕಾಲೇಜಿನಲ್ಲಿ ಗೊತ್ತಾದರೆ ನನ್ನ ಮರ್ಯಾದೆ ಏನಾದೀತು! ನೀವೂ ಯಾರಿಗೂ ಹೇಳಬೇಡಿ.

ಆ ಆಟದ ಕತೆ ಇಷ್ಟು. ದೊಡ್ಡ ಯುದ್ಧವಾಗಿ ಲೋಕವೆಲ್ಲ ಸುಟ್ಟುಹೋಗಿ ನೂರು ವರ್ಷ ಕಳೆದಿದೆ. ಅಲ್ಲೊಂದು ಇಲ್ಲೊಂದು ಊರು ಉಳಿದಿದೆ. ನೀವು ಗಂಟು ಕಟ್ಟಿಕೊಂಡು ಊರೂರು ಅಲೆಯುತ್ತೀರಿ. ಸಿಕ್ಕಿದವರು ತಮ್ಮ ಕಷ್ಟ ಹೇಳಿ ಏನಾದರೂ ಕೇಳುತ್ತಾರೆ. ಪರದೆಯ ಕೆಳಗೆ ಮೂರೋ ನಾಲ್ಕೋ ಉತ್ತರ ಮೂಡುತ್ತವೆ, ಒಂದನ್ನು ನೀವು ಆರಿಸಬೇಕು. ಆರಿಸಿದ್ದರ ಫಲ ಆಗಲೇ ಕಾಣುವುದಿಲ್ಲ. ಎಷ್ಟೋ ದಿನದ ಮೇಲೆ, ನೀವು ಮರೆತ ಮೇಲೆ, ಎಲ್ಲಿಂದಲೋ ಎದ್ದು ಬರುತ್ತದೆ.

“ಅಂದ್ರೆ ನಾವ್ ಹೇಳಿದ್ ಅವ್ರ್ ಕೇಂತ್ರಾ?” ಅತ್ತೆ ನೆಟ್ಟಗೆ ಕೂತರು.

“ಕೇಳ್ತಾರೆ.”

“ಹಾಂಗಾರೆ ಆ ಏಡಿ ಇತ್ಲಾಗ್ ಕೊಡ್.”

ಏಡಿ ಅಂದರೆ ಆಟದ ಕಂಟ್ರೋಲರು! ಎರಡು ಕೊಂಬು, ಮೇಲೆರಡು ಕಣ್ಣು, ಒತ್ತಿದರೆ ಗಡಗಡ ನಡುಗುತ್ತದೆ. ಇನ್ನೇನನ್ನಬೇಕು? ಆದರೆ ಏಡಿಯನ್ನು ಹಿಡಿದು ಅತ್ತೆ ನಡೆಸಿದ ನಮ್ಮ ನಾಯಕಿ ಹತ್ತು ನಿಮಿಷ ಒಂದು ಗೋಡೆಗೆ ಹಣೆ ಒತ್ತಿಕೊಂಡು ನಿಂತಲ್ಲೇ ನಡೆದಳು. ಕಡೆಗೆ ಒಪ್ಪಂದಕ್ಕೆ ಬಂದೆವು. ನಡೆಸುವುದು ನಾನು, ಇಂಗ್ಲಿಷನ್ನು ಕನ್ನಡ ಮಾಡುವುದೂ ನಾನು, ತೀರ್ಮಾನ ಮಾತ್ರ ಅವರದು. ಕಾಲು ನನ್ನದು, ಬಾಯಿ ಅವರದು.

ಆಟ ಶುರುವಾಗುವ ಮುಂಚೆ ನಾಯಕಿಗೆ ಗುಣಗಳನ್ನು ಹಂಚಬೇಕು. ಬಲ, ಬುದ್ಧಿ, ಗುರಿ, ಮಾತು, ಅದೃಷ್ಟ ಇವುಗಳಿಗೆ ಇಷ್ಟಿಷ್ಟು ಅಂಕ ಎಂದು. ಅತ್ತೆ ಇದ್ದ ಅಂಕವನ್ನೆಲ್ಲ ತಂದು ಮಾತಿಗೆ ಸುರಿದರು.

“ಅತ್ತೆ, ಬಲಕ್ಕೆ ಸ್ವಲ್ಪ ಹಾಕಿ. ಕೋವಿ ಎತ್ತಲಿಕ್ಕೂ ಆಗುವುದಿಲ್ಲ ಇವಳಿಗೆ.”

“ಬಾಯಿ ಇದ್ದರಿಗೆ ಕೋವಿ ಎಂತಕ್ ಮಾರಾಯ್ತಿ?”

ಎಂತಕ್ಕೆ ಎಂದು ನನಗೆ ಗೊತ್ತಿತ್ತು. ಮೊದಲ ತಿರುವಿನಲ್ಲೇ ಒಬ್ಬ ದರೋಡೆಕೋರ ಕೋವಿ ಚಾಚಿ “ಗಂಟು ಇಡು, ಇಲ್ಲದಿದ್ದರೆ ಸುಡುತ್ತೇನೆ” ಎಂದ. ಈ ಜಾಗದಲ್ಲಿ ನಾನು ನಾಲ್ಕು ಸಲ ಸತ್ತಿದ್ದೇನೆ. ಅತ್ತೆ ಚೌಕಾಶಿಯ ಉತ್ತರವನ್ನು ಆರಿಸಿದರು. ಅವನೊಂದು ಹೇಳಿದ, ಇವರೊಂದು ಹೇಳಿದರು. ಅವನು ದನಿ ಏರಿಸಿದ, ಇವರು ಅವನ ತಾಯಿಯ ಸುದ್ದಿ ತೆಗೆದರು. ಐದನೆಯ ಸುತ್ತಿಗೆ ಅವನು ಕಣ್ಣೊರೆಸಿಕೊಂಡು, ಕ್ಷಮೆ ಕೇಳಿ, ತನ್ನ ಕಾಲಿನ ಬೂಟನ್ನೇ ಬಿಚ್ಚಿ ಕೊಟ್ಟು ಬರಿಗಾಲಲ್ಲಿ ಹೋದ!

“ಪಾಪ, ಒಳ್ಳೆ ಮನಿ ಮಾಣಿ ಕಾಣ್” ಎಂದರು ಅತ್ತೆ.

ಅವರಿಗೆ ಒಂದೇ ತಕರಾರು. ಆಟದಲ್ಲಿ ಯಾರು ಸಿಕ್ಕಿದರೂ ನೇರ ವ್ಯವಹಾರ. ‘ನೀನು ಯಾರು’, ‘ನಿನಗೇನು ಬೇಕು’, ‘ದಾರಿ ಬಿಡು’. ನಾನು ಮೂರು ಉತ್ತರ ಓದಿ ಹೇಳಿದ ಕೂಡಲೆ ಅತ್ತೆ ಕೇಳುತ್ತಿದ್ದರು, “ನಾಕನೇದ್ ಇಲ್ಯಾ?”

“ನಾಲ್ಕನೆಯದು ಏನು ಬೇಕಿತ್ತು?”

“ಊಟ ಆಯ್ತಾ ಕೇಂಬುದ್.”

“ಅದಿಲ್ಲ ಅತ್ತೆ.”

“ಯಾರ ಹತ್ರವೂ ಇಲ್ಯಾ? ಇಡೀ ಆಟದಲ್ಲ್ ಇಲ್ಯಾ?” ಅವರು ಪರದೆಯ ಮೇಲಿನ ಸುಟ್ಟ ಬಯಲನ್ನು ಸ್ವಲ್ಪ ಹೊತ್ತು ನೋಡಿದರು. “ಅದಕ್ಕೇ ಹೀಂಗ್ ಆದದ್ದ್ ಕಾಣ್ ಇವ್ರ ಲೋಕ.”

ಲೋಕ ಯಾಕೆ ಹಾಳಾಯಿತು ಎಂದು ಆಟ ಮಾಡಿದವರು ನಲವತ್ತು ತಾಸಿನ ಕತೆ ಬರೆದಿದ್ದರು. ಅತ್ತೆ ಒಂದು ವಾಕ್ಯದಲ್ಲಿ ಮುಗಿಸಿದರು.

ಮೊದಲ ದೊಡ್ಡ ಪರೀಕ್ಷೆ ಬಂದದ್ದು ನೀರಿನ ಟ್ಯಾಂಕಿಯ ಊರಿನಲ್ಲಿ. ಸುತ್ತ ಬೇಲಿ, ನಡುವೆ ಒಂದು ದೊಡ್ಡ ಟ್ಯಾಂಕಿ, ಐವತ್ತು ಜನ. ಬಾಗಿಲ ಹೊರಗೆ ಬಾಯಾರಿ ಬಂದ ಮೂವತ್ತು ಮಂದಿ ನಿಂತಿದ್ದರು, ಮಕ್ಕಳು ಮುದುಕರು ಸೇರಿ. ಕಾವಲಿನವನು ನಮ್ಮನ್ನೇ ಕೇಳಿದ: ಬಿಡಲೋ, ಬೇಡವೋ? ನಾನು ಓದಿ ಮುಗಿಸುವ ಮೊದಲೇ ಅತ್ತೆ, “ಬಾಗ್ಲ್ ತೆಗಿ! ಬಾಯಾರಿ ಬಂದರಿಗೆ ನೀರ್ ಇಲ್ಲೆ ಅಂಬುಕಿತ್ತಾ?” ಎಂದರು. ಬಾಗಿಲು ತೆರೆಯಿತು. ಮಕ್ಕಳು ಕುಣಿದವು. ಅತ್ತೆಯ ಕಣ್ಣು ಒದ್ದೆಯಾಯಿತು. ನನಗೂ ಹೆಮ್ಮೆಯಾಯಿತು.

ಎರಡು ದಿನ ಬೇರೆ ಕಡೆ ಅಲೆದು ಮೂರನೆಯ ದಿನ ಬೆಳಿಗ್ಗೆ ತಿಂಡಿ ತಿನ್ನುತ್ತಾ ಆ ಊರಿಗೆ ಮರಳಿದೆವು. ಬಾಗಿಲು ಹಾರು ಹೊಡೆದಿತ್ತು. ಟ್ಯಾಂಕಿಯ ನಲ್ಲಿಯಿಂದ ಹನಿ ನೀರಿಲ್ಲ. ಅಂಗಳದಲ್ಲಿ ಒಂದು ಮಗುವಿನ ಚಪ್ಪಲಿ. ನೀರು ಮುಗಿದು ಎಂಬತ್ತು ಮಂದಿಯೂ ಎದ್ದು ಹೋಗಿದ್ದರು. ಒಳಗೆ ಬಂದವರೂ ಹೋದರು, ಒಳಗೆ ಇದ್ದವರೂ ಹೋದರು.

ಅತ್ತೆಯ ಕೈಯ ದೋಸೆ ಕೈಯಲ್ಲೇ ಉಳಿಯಿತು. “ನಾನ್ ಒಳ್ಳೇದೇ ಮಾಡದ್ದ್ ಅಲ್ದಾ?”

“ಹೌದು ಅತ್ತೆ.”

“ಮತ್ತೆಂತಕ್ ಹೀಂಗಾಯ್ತ್?”

ನಾನು ಉಪಾಯ ಹೇಳಿದೆ. ಆಟದಲ್ಲಿ ಹಿಂದಕ್ಕೆ ಹೋಗಬಹುದು, ಮೊನ್ನೆಯ ಜಾಗದಿಂದ ಮತ್ತೆ ಆಡಿ ಬೇರೆ ಉತ್ತರ ಕೊಡಬಹುದು. ಇನ್ನೂ ಸುಲಭದ್ದೂ ಇದೆ. ಯಾವ ಉತ್ತರಕ್ಕೆ ಯಾವ ಫಲ ಎಂದು ಇಂಟರ್ನೆಟ್ಟಿನಲ್ಲಿ ಬರೆದಿಟ್ಟಿದ್ದಾರೆ, ಮೊದಲೇ ನೋಡಿಕೊಂಡು ಆಡಬಹುದು. ನಾನು ಹಾಗೆಯೇ ಆಡುವುದು! ಈ ಲೋಕದಲ್ಲಿ ನನ್ನಷ್ಟು ಪುಣ್ಯವಂತರು ಇನ್ನೊಬ್ಬರಿಲ್ಲ.

ಅತ್ತೆ ನನ್ನನ್ನು ಮೂರು ದಿನದ ಹಳೆಯ ಮೀನನ್ನು ನೋಡುವಂತೆ ನೋಡಿದರು. “ಮುಂದೆ ಎಂತ ಆತ್ತ್ ಅಂತ ಗೊತ್ತಾದ್ ಮೇಲೆ ಒಳ್ಳೇದ್ ಮಾಡುದ್ ಎಂತ ದೊಡ್ಡಸ್ತಿಕೆ? ನಡಿ ಮುಂದೆ.”

ಅದೇ ದಿನ ಮಧ್ಯಾಹ್ನ ಮೊಣಕಾಲು ತೋರಿಸಲು ಹೋಗಬೇಕಿತ್ತು. ಡಾಕ್ಟರು ಸಣ್ಣ ಪ್ರಾಯದವರು, ನಗುಮುಖದವರು. ಕಾಲನ್ನು ಮಡಚಿ ಬಿಡಿಸುತ್ತಾ ಮಾತಿಗೆ ಕೇಳಿದರು, “ಮತ್ತೆ ಅಮ್ಮ, ಮನೆಯಲ್ಲಿ ಏನು ಮಾಡ್ತೀರಿ ಹೊತ್ತು ಹೋಗಲಿಕ್ಕೆ?”

ಅತ್ತೆ ನಿಟ್ಟುಸಿರು ಬಿಟ್ಟರು. “ಎಂತ ಹೇಳುದ್ ಡಾಕ್ಟ್ರೆ. ಒಂದ್ ಊರ್ ಖಾಲಿ ಮಾಡ್ದೆ.”

ಡಾಕ್ಟರ ನಗು ನಿಂತಿತು. ಅತ್ತೆಯನ್ನು ಹೊರಗೆ ಕೂರಿಸಿ ನನ್ನನ್ನು ಒಳಗೆ ಕರೆದು ತಗ್ಗಿದ ದನಿಯಲ್ಲಿ, “ಮರೆವು ಯಾವಾಗಿಂದ?” ಎಂದು ಕೇಳಿದರು. ವಿವರಿಸಿ ಹೇಳಲು ನನಗೆ ಕಾಲು ತಾಸು ಹಿಡಿಯಿತು. ಎಲ್ಲ ಕೇಳಿದ ಮೇಲೆ ಅವರು ಅತ್ತೆಯ ಬದಲು ನನ್ನನ್ನೇ ಒಂದು ಥರ ನೋಡತೊಡಗಿದರು.

ಆಮೇಲೆ ಸಮುದ್ರ ತೀರದ ಊರು. ಅಲ್ಲೊಂದು ಮೀನಿನ ಸಂತೆ! ಅತ್ತೆಯ ಉತ್ಸಾಹ ನೋಡಬೇಕಿತ್ತು. “ಹತ್ರ ಹೋಗ್, ಇನ್ನೂ ಹತ್ರ. ಕಿವಿರ್ ಕಾಣ್, ಬೆಳ್ಳಗಾಯಿತ್ತ್. ಇದನ್ನ ಯಾರ್ ತಕಂತ್ರ್?” ಲೋಕ ಮುಳುಗಿ ನೂರು ವರ್ಷವಾದ ಮೇಲೆ ಅಷ್ಟಾದರೂ ಮೀನು ಸಿಕ್ಕಿತಲ್ಲ ಎಂದು ನಾನಂದೆ. “ಲೋಕ ಮುಳುಗದ್ದ್ ನೂರ್ ವರ್ಷದ್ ಹಿಂದೆ. ಈ ಮೀನ್ ಹಿಡದ್ದ್ ಮೊನ್ನೆ. ಐಸ್ ಹಾಕುಕೆ ಎಂತ ದಾಡಿ?”

ಆ ಸಂತೆಯಲ್ಲಿ ಒಬ್ಬಳು ಮೀನು ಮಾರುವವಳನ್ನು ಕಟ್ಟಿಹಾಕಿದ್ದರು. ಅವಳ ಮೀನು ತಿಂದು ಇಬ್ಬರು ಸತ್ತರು, ವಿಷ ಹಾಕಿದವಳು ಅವಳೇ ಎಂದು ಆರೋಪ. ನಮಗೆ ಮೂರು ದಾರಿ. ಅವಳನ್ನು ಅಲ್ಲೇ ಬಿಟ್ಟು ಹೋಗಬಹುದು, ವಿಚಾರಣೆ ಮಾಡಬಹುದು, ಅಥವಾ ಹಗ್ಗ ಬಿಚ್ಚಿ ಓಡಿಸಬಹುದು. “ವಿಚಾರಣೆ ಮಾಡೋಣ ಅತ್ತೆ” ಎಂದೆ.

“ಎಂತ ವಿಚಾರಣೆ? ಮೀನ್ ಮಾರು ಹೆಂಗ್ಸ್ ವಿಷ ಹಾಕ್ತಾ? ತೂಕದಲ್ಲ್ ಒಂಚೂರ್ ಆಚೀಚೆ ಮಾಡಿತ್ತ್ ಅಂದ್ರೆ ನಂಬ್ತಿದ್ದೆ. ಬಿಚ್ಚ್ ಹಗ್ಗ!”

ಬಿಚ್ಚಿದೆ. ಅವಳು ಕೈಮುಗಿದು ಓಡಿದಳು. ನಾಲ್ಕು ದಿನದ ಮೇಲೆ ಪಕ್ಕದ ಊರಿಗೆ ಹೋದರೆ ಬೀದಿಯಲ್ಲಿ ಸಾಲಾಗಿ ಹೆಣಗಳು. ನಡುವೆ ನಮ್ಮ ಅದೇ ಹೆಂಗಸಿನ ಬುಟ್ಟಿ! ವಿಷ ಹಾಕುತ್ತಿದ್ದವಳು ನಿಜವಾಗಿಯೂ ಅವಳೇ!

ಅತ್ತೆ ಎದೆ ಬಡಿದುಕೊಂಡರು. ಅವರ ದನಿ ನಿಮಗೆ ಮೊದಲೇ ಹೇಳಿದ್ದೇನೆ. “ಅಯ್ಯೋ ದೇವ್ರೆ! ಹನ್ನೆರಡ್ ಜನ ಸತ್ರಲೇ! ನಾನೇ ಕೊಂದದ್ದ್!”

ಪಕ್ಕದ ಮನೆಯವರು ಸಾಲಿಗ್ರಾಮದ ಕಡೆಯ ನಿವೃತ್ತ ಹೆಡ್ಮಾಸ್ಟರು. ಗಿಡಕ್ಕೆ ನೀರು ಬಿಡುತ್ತಿದ್ದವರು ಪೈಪನ್ನು ಅಲ್ಲೇ ಬಿಟ್ಟು ಕಾಂಪೌಂಡಿನ ಮೇಲೆ ಕುತ್ತಿಗೆ ಚಾಚಿದರು. ಮುಖ ಸುಣ್ಣದ ಬಣ್ಣ.

“ಎಂತ ಆಯ್ತ್? ಪೊಲೀಸ್ರಿಗೆ ಹೇಳ್ಕಾ?”

ಅತ್ತೆ ಕಿಟಕಿಯಿಂದಲೇ ಹೇಳಿದರು, “ಪೊಲೀಸ್ರೂ ಸತ್ತಿರ್ ಮಾಸ್ಟ್ರೆ! ಅವ್ರೂ ಅದೇ ಮೀನ್ ತಿಂದಿರ್!”

ಮಾಸ್ಟರಿಗೆ ಸಂಗತಿ ತಿಳಿಸಿ ಸಮಾಧಾನ ಮಾಡಿದ್ದಾಯಿತು. ಆದರೆ ಆ ವಾರವೆಲ್ಲ ಅವರ ಮನೆಗೆ ಮೀನು ಬರಲಿಲ್ಲ. ಅವರು ಶುದ್ಧ ಸಸ್ಯಾಹಾರಿಗಳು, ಎಂದೂ ಬರುತ್ತಿರಲಿಲ್ಲ ಎಂಬುದು ಬೇರೆ ಮಾತು.

ಹೀಗೆ ಎರಡು ಸಲ ಕೈ ಸುಟ್ಟ ಮೇಲೆ ಅತ್ತೆ ಬಹಳ ಎಚ್ಚರವಾದರು. ಬೆಟ್ಟದ ಪಾಳೆಯ ಮತ್ತು ಕಡಲ ಪಾಳೆಯದ ಜಗಳ ಎದುರಾದಾಗ ಒಂದು ಇಡೀ ಮಧ್ಯಾಹ್ನ ಯೋಚಿಸಿದರು. ಬೆಟ್ಟದವರ ಹತ್ತಿರ ಬಾವಿ ಇತ್ತು, ಕಡಲಿನವರ ಹತ್ತಿರ ಉಪ್ಪು ಮತ್ತು ದೋಣಿ. ಇವರು ಅವರಿಗೆ ಕೊಡರು, ಅವರು ಇವರಿಗೆ ಕೊಡರು. ನಾಳೆ ಬೆಳಿಗ್ಗೆ ಯುದ್ಧ. ಯಾರ ಪಕ್ಷ ಸೇರಿದರೂ ಇನ್ನೊಬ್ಬರು ಸಾಯುತ್ತಾರೆ. ಮೂರನೆಯದೊಂದು ದಾರಿ ಇತ್ತು, ಮಾತು ಬಲ್ಲವರಿಗೆ ಮಾತ್ರ ಕಾಣುವಂಥದ್ದು. ಕಡಲಿನವರ ಹುಡುಗಿಯನ್ನು ಬೆಟ್ಟದ ನಾಯಕನ ಮಗನಿಗೆ ಕೊಡಿಸುವುದು.

“ಮದಿ!” ಅತ್ತೆಯ ಮುಖ ಅರಳಿತು. “ಇದ್ ನಂಗೆ ಬತ್ತ್.”

ಆ ಪಾಳೆಯಕ್ಕೂ ಈ ಪಾಳೆಯಕ್ಕೂ ನನ್ನನ್ನು ಹನ್ನೊಂದು ಸಲ ಓಡಿಸಿದರು. ಹುಡುಗಿಯ ಅಪ್ಪನನ್ನು ಕೇಳಿದರು, ಹುಡುಗನ ಅಮ್ಮನನ್ನು ಕೇಳಿದರು, ಎರಡೂ ಕಡೆಯ ಹಿರಿಯರನ್ನು ಕೇಳಿದರು, ಕುದುರೆ ನೋಡಿಕೊಳ್ಳುವವನನ್ನೂ ಬಿಡಲಿಲ್ಲ. ಒಬ್ಬೊಬ್ಬರೇ ಒಪ್ಪಿದರು. ಒಂದು ಗುಂಡು ಹಾರಲಿಲ್ಲ, ಒಂದು ಹೆಣ ಬೀಳಲಿಲ್ಲ! ಸುಟ್ಟ ಬಯಲಿನಲ್ಲಿ ದೀಪ ಹಚ್ಚಿ ಮದುವೆ ನಡೆಯಿತು. ಅತ್ತೆ ನನ್ನಿಂದ ನಿಜವಾಗಿಯೂ ಹೆಸರುಬೇಳೆ ಪಾಯಸ ಮಾಡಿಸಿದರು. ಮಾಸ್ಟರ ಮನೆಗೂ ಒಂದು ಲೋಟ ಹೋಯಿತು. “ಯಾರ ಮದುವೆ?” ಎಂದು ಅವರು ಕೇಳಲಿಲ್ಲ. ಕಲಿತಿದ್ದರು.

ಒಂದು ವಾರದ ಮೇಲೆ ಅತ್ತೆ, “ಹುಡ್ಗಿ ಹೆಂಗಿತ್ತ್ ಕಂಡ್ ಬಪ್ಪ” ಎಂದರು. ಬೆಟ್ಟದ ಪಾಳೆಯಕ್ಕೆ ಹೋದೆವು. ಬಾವಿಯ ಕಟ್ಟೆಯ ಮೇಲೆ ಅವಳು ಕೂತಿದ್ದಳು, ಒಬ್ಬಳೇ. ಹತ್ತಿರ ಹೋಗಿ ಮಾತಾಡಿಸಿದೆ. ಅವಳು ಒಂದೇ ಮಾತು ಹೇಳಿ ಮುಖ ತಿರುಗಿಸಿದಳು. ಪರದೆಯ ಮೇಲೆ ಆ ಸಾಲು ನಿಂತಿತ್ತು. ನಾನು ಅದನ್ನು ಎರಡು ಸಲ ಓದಿಕೊಂಡೆ.

“ಎಂತ ಅಂತತ್ತ್?”

“ಚೆನ್ನಾಗಿದ್ದೇನೆ ಅಂತಾಳೆ ಅತ್ತೆ.”

ಇಪ್ಪತ್ತು ದಿನದಲ್ಲಿ ನಾನು ಹೇಳಿದ ಮೊದಲ ಸುಳ್ಳು ತರ್ಜುಮೆ ಅದು. ಅತ್ತೆಗೆ ಇಂಗ್ಲಿಷಿನ ಒಂದಕ್ಷರ ಬಾರದು. ಆದರೆ ನಲವತ್ತು ವರ್ಷ ಮನೆ ಮನೆಯ ಅಡಿಗೆ ಮನೆ ಬಾಗಿಲಲ್ಲಿ ಕೂತವರು ಅವರು.

“ಸುಳ್ ಹೇಳ್ಬ್ಯಾಡ. ಚೆಂದ ಇಪ್ಪರ ಮುಖ ಹಾಂಗ್ ಇರ್ತಿಲ್ಲೆ. ಸಮಾ ಓದ್.”

ಓದಿದೆ. “ನೀವು ಎಲ್ಲರನ್ನೂ ಕೇಳಿದಿರಿ. ನನ್ನನ್ನು ಕೇಳಲಿಲ್ಲ.”

ನಾನು ಕಾಯುತ್ತಿದ್ದೆ, ಈಗ ಒಂದು ಚಟಾಕಿ ಬರುತ್ತದೆ, ಈಗ ಆ ಹುಡುಗನಿಗೆ ಒಂದು ಬೈಗುಳ ಬೀಳುತ್ತದೆ ಎಂದು. ಅವರು ಕೈ ಚಾಚಿ ಟಿವಿ ಆರಿಸಲು ಹೇಳಿದರು. ಆರಿಸಿದೆ.

“ನಿಂಗೆ ಜಲಜ ಗೊತ್ತಿಲ್ಲೆ” ಎಂದರು.

ಗೊತ್ತಿರಲಿಲ್ಲ. ಅತ್ತೆ ಹೇಳುತ್ತಾ ಹೋದರು. ನಾವುಂದದಲ್ಲಿ ಅವರ ಜೊತೆಗೇ ಬುಟ್ಟಿ ಹೊತ್ತು ಹೊರಡುತ್ತಿದ್ದ ಗೆಳತಿಯೊಬ್ಬಳಿದ್ದಳಂತೆ. ಇಪ್ಪತ್ತೈದು ವರ್ಷ ಒಂದೇ ಬಸ್ಸು, ಒಂದೇ ಎಲೆಯಡಿಕೆ ಸಂಚಿ. ಅವಳ ಒಬ್ಬಳೇ ಮಗಳು ಜಲಜ. ಮಗಳಿಗೆ ಹತ್ತೊಂಬತ್ತಾದಾಗ ಅತ್ತೆಯೇ ಮುಂದೆ ನಿಂತು ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವ ಕೆಲಸದ ಒಬ್ಬ ಹುಡುಗನನ್ನು ನೋಡಿದರು. ಒಳ್ಳೆ ಕೈಕೆಲಸ, ಒಳ್ಳೆ ಮನೆ. ಗೆಳತಿ ಹೂಂ ಎಂದಳು, ಹುಡುಗನ ಮನೆಯವರು ಹೂಂ ಎಂದರು. ಮೂರು ವರ್ಷ ಆದಮೇಲೆ ಅವನು ಕೆಲಸವೆಂದು ರತ್ನಾಗಿರಿಯ ಕಡೆ ಹೋದವನು ತಿರುಗಿ ಬರಲಿಲ್ಲ. ಜಲಜಳ ಕಂಕುಳಲ್ಲಿ ಎಂಟು ತಿಂಗಳ ಹೆಣ್ಣು ಕೂಸು. ಅವಳು ತವರಿಗೆ ಬಾರದೆ ಹಂಗಾರಕಟ್ಟೆಯಲ್ಲೇ ಉಳಿದಳಂತೆ.

“ಅದ್ರ ಅಮ್ಮ ನಂಗೆ ಒಂದ್ ಮಾತ್ ಬೈಯ್ಲಿಲ್ಲೆ ಹೆಣೆ. ಬಸ್‌ಸ್ಟಾಪಲ್ಲ್ ಅದ್ರ ಬುಟ್ಟಿ ಆಚೆ ಬದಿಗೆ ಇಟ್ಟ್‌ಕಂತ್ತ್, ಅಷ್ಟೆ. ಬೈದಿದ್ರೆ ಆತಿತ್ತ್. ಅದ್ರ ಅಮ್ಮ ಸತ್ತಾಗ ಮನಿಗ್ ಹೋದೆ, ಗೇಟ್ ಹತ್ರ ನಿಂತ್ ತಿರ್ಗಿ ಬಂದೆ. ಒಳಗ್ ಜಲಜ ಇತ್ತಲೆ, ಹ್ಯಾಂಗ್ ಮುಖ ತೋರ್ಸುದ್?”

ಅಷ್ಟು ವರ್ಷ ಕರಾವಳಿಯ ಅಷ್ಟು ಊರು ಸುತ್ತಿದ ಅತ್ತೆ ಆಮೇಲೆ ಹಂಗಾರಕಟ್ಟೆಗೆ ಮಾತ್ರ ಕಾಲಿಟ್ಟಿರಲಿಲ್ಲ. ಈ ಲೋಕದಲ್ಲಿ ಅತ್ತೆ ಹೆದರುವ ಜಾಗವೊಂದಿದೆ, ಅದು ನನ್ನ ಮನೆಯಿಂದ ಮುಕ್ಕಾಲು ತಾಸಿನ ದಾರಿಯಲ್ಲಿದೆ ಎಂದು ನನಗೆ ಆ ದಿನವೇ ತಿಳಿದದ್ದು.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅವರು ಸೀರೆ ಬದಲಿಸಿ, ತಲೆ ಬಾಚಿ, ಊರುಗೋಲು ಹಿಡಿದು ಸೋಫಾದ ತುದಿಯಲ್ಲಿ ಕೂತಿದ್ದರು. “ರಿಕ್ಷಕ್ಕೆ ಹೇಳ್” ಎಂದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ಸಾಸ್ತಾನದಲ್ಲಿ ಹೆದ್ದಾರಿ ಬಿಟ್ಟು ಪಶ್ಚಿಮಕ್ಕೆ ತಿರುಗುವವರೆಗೂ ಅತ್ತೆ ರಿಕ್ಷದವನಿಗೆ ಅವನ ಸಂಸಾರದ ವಿಚಾರದಲ್ಲಿ ಬುದ್ಧಿ ಹೇಳುತ್ತಿದ್ದರು. ತಿರುಗಿದ ಮೇಲೆ ಊರುಗೋಲನ್ನು ಮಡಿಲಿಗೆ ಎಳೆದುಕೊಂಡು ರಸ್ತೆ ನೋಡತೊಡಗಿದರು. ಹೊಳೆಯ ಹತ್ತಿರ ವಿಚಾರಿಸಿದೆವು. ಜಲಜಕ್ಕನ ಹೋಟೆಲ್ಲಾ? ಅದೇ ಕಾಣಿ, ಎಂದು ಯಾರೋ ಕೈ ತೋರಿಸಿದರು. ನಾಲ್ಕು ಮೇಜಿನ ಊಟದ ಹೋಟೆಲು. ಎದುರಿಗೆ ಹೊಳೆ, ದಡದಲ್ಲಿ ಅರ್ಧ ಕಟ್ಟಿದ ದೋಣಿಯ ಪಕ್ಕೆಲುಬು. ಬೆಳಗಿನ ಹನ್ನೊಂದು ಗಂಟೆ, ಗಿರಾಕಿಗಳಿಲ್ಲ. ನಲವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಹೆಂಗಸು ಹಿಂಬದಿಯ ಜಗಲಿಯಲ್ಲಿ ಮೀನು ಹಸನು ಮಾಡಲು ಕೂತಿದ್ದಳು. ತಲೆಯೆತ್ತಿ ನೋಡಿದಳು. ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

“ನಾವುಂದದತ್ತೆ ಅಲ್ದಾ?” ಎದ್ದು ಕೈ ತೊಳೆದು ಕುರ್ಚಿ ತಂದಿಟ್ಟಳು. “ಬನ್ನಿ, ಕೂಕಣಿ. ಕಾಲಿಗೆ ಎಂತ ಆಯ್ತ್?”

ಅತ್ತೆ ಕೂತರು. ಬಾಯಿ ತೆರೆದರು, ಮುಚ್ಚಿದರು. ನಾನು ಅವರನ್ನು ಹಾಗೆ ಎಂದೂ ನೋಡಿರಲಿಲ್ಲ. ಯಾರು ಎದುರು ಬಂದರೂ ಒಂದು ಮಾತು ಹೆಚ್ಚೇ ಆಡಿದ ಹೆಂಗಸು ಊರುಗೋಲಿನ ಹಿಡಿಯನ್ನು ತಿರುಗಿಸುತ್ತಾ ಕೂತಿದ್ದರು. ಜಲಜ ಕಾಯುತ್ತಾ ನಿಂತಿದ್ದಳು.

“ಅವತ್ತ್ ನಾನ್ ಎಲ್ಲರ್ನೂ ಕೇಂಡೆ, ಮಗಳೇ” ಎಂದರು ಕಡೆಗೆ. “ನಿನ್ನ ಒಬ್ಳನ್ನ ಕೇಣ್ಲಿಲ್ಲೆ. ಅದ್ ಹೇಳಿ ಹೋಪ ಅಂತ ಬಂದೆ.”

ಹೊಳೆಯ ಕಡೆಯಿಂದ ಮರಕ್ಕೆ ಉಳಿ ಹೊಡೆಯುವ ಸದ್ದು ಬರುತ್ತಿತ್ತು. ಜಲಜ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಒಣಗಿದ ಕೈಯನ್ನೇ ಮತ್ತೊಮ್ಮೆ ಒರೆಸಿಕೊಂಡಳು.

“ಕೇಂಡಿದ್ರೂ ನಾನ್ ಹೂಂ ಅಂತಿದ್ದೆ ಅತ್ತೆ” ಎಂದಳು. “ಅವ ಕಾಂಬುಕ್ ಚೆಂದ ಇದ್ದಿದ್ದ.”

ನನಗೆ ನಗು ಬಂದು ತಡೆದುಕೊಂಡೆ. ಅತ್ತೆಯೂ ನಗಬಹುದೆಂದುಕೊಂಡೆ. ಅಷ್ಟರಲ್ಲಿ ಜಲಜ ಹೊಳೆಯ ಕಡೆ ತಿರುಗಿ, ಸ್ವಲ್ಪ ತಡೆದು, “ಆದ್ರೂ ಕೇಂಡಿದ್ರೆ ಲಾಯ್ಕ್ ಇರ್ತಿತ್ತ್” ಎಂದಳು.

ಅತ್ತೆ ತಲೆ ತಗ್ಗಿಸಿದರು. ಮಧ್ಯಾಹ್ನದ ಊಟದವರು ಬರುವ ಹೊತ್ತಾಗುತ್ತಿತ್ತು. ಜಲಜ ಮತ್ತೆ ಹೋಗಿ ಮೀನಿನ ಮುಂದೆ ಕೂತಳು. ಒಂದು ದೊಡ್ಡ ಬುಟ್ಟಿ ತುಂಬ ಬೈಗೆ ಇತ್ತು, ಸಣ್ಣ ಮೀನು, ಒಬ್ಬರ ಕೈಯಲ್ಲಿ ಮುಗಿಯುವಂಥದ್ದಲ್ಲ. ಅತ್ತೆ ಅದನ್ನು ನೋಡಿದರು. ಆಮೇಲೆ ಊರುಗೋಲು ಊರಿ ಎದ್ದು, ಡಾಕ್ಟರು ಏನು ಹೇಳಿದ್ದರು ಎಂದು ನಾನು ನೆನಪಿಸುವ ಮೊದಲೇ ಜಗಲಿಯ ಅಂಚಿಗೆ ಹೋಗಿ, ಕಂಬ ಹಿಡಿದು ಮೆಲ್ಲಗೆ ಕೂತು, ಬಲಗಾಲನ್ನು ನೇರ ಚಾಚಿದರು. ಬುಟ್ಟಿಯನ್ನು ತಮ್ಮ ಕಡೆಗೆ ಎಳೆದುಕೊಂಡರು.

“ಅತ್ತೆ, ಹೊತ್ತಾಯ್ತು, ರಿಕ್ಷ ಕಾಯ್ತಾ ಇದೆ” ಎಂದೆ.

“ಹೋಪಂಗಿದ್ರೆ ನೀ ಹೋಗ್. ನಂಗ್ ಕೆಲ್ಸ ಇತ್ತ್.”

ನಾನು ರಿಕ್ಷವನ್ನು ಕಳಿಸಿ ಮೆಟ್ಟಿಲ ಮೇಲೆ ಕೂತೆ. ಇಬ್ಬರೂ ಮೀನು ಹಸನು ಮಾಡತೊಡಗಿದರು. ಅತ್ತೆಯ ಕೈ ಇಷ್ಟು ದಿನದಲ್ಲಿ ಏನೂ ಮರೆತಿರಲಿಲ್ಲ. ಜಲಜ ಒಂದು ಮಾಡುವಷ್ಟರಲ್ಲಿ ಅವರದು ಎರಡು ಆಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಜಲಜ ಕತ್ತಿಯನ್ನು ಬದಿಗಿಟ್ಟು ಎದ್ದಳು. ಒಳಗಿನಿಂದ ಒಂದು ಗೋಣಿ ತಂದು, ನಾಲ್ಕು ಮಡಿಕೆ ಮಾಡಿ, ಅತ್ತೆಯ ಆಪರೇಶನ್ ಆದ ಮೊಣಕಾಲನ್ನು ಎರಡೂ ಕೈಯಲ್ಲಿ ಎತ್ತಿ ಅದರ ಅಡಿಗೆ ಇಟ್ಟಳು.

“ಹೀಂಗ್ ಇಟ್ರೆ ಆತ್ತಾ ಅತ್ತೆ?” ಎಂದು ಕೇಳಿದಳು. “ಇನ್ನೊಂಚೂರ್ ಎತ್ರ ಮಾಡ್ಕಾ?”

ಅತ್ತೆ ಕೈಯಲ್ಲಿದ್ದ ಮೀನನ್ನು ಹಾಗೆಯೇ ಹಿಡಿದುಕೊಂಡು ಆತ್ತ್, ಆತ್ತ್ ಎಂಬಂತೆ ತಲೆಯಾಡಿಸಿದರು.